ಪ್ರತಿನಿಧಿ ಮಣ್ಣು

ಮನುಷ್ಯ ಎರಡು ಕಾಲಿನ ಮೇಲೆ ನೆಟ್ಟಗೆ ನಿಂತ ದಿನದಿಂದಲೂ ಆಕಾಶದ ಕಡೆ ಮುಖವೆತ್ತಿ, ತಾನು ಯಾರು, ಎಲ್ಲಿಂದ ಬಂದೆ, ಈ ಅಪಾರ ವಿಶ್ವದಲ್ಲಿ ತನ್ನ ಸ್ಥಾನವೇನು ಎಂದು ಕೇಳಿಕೊಳ್ಳುತ್ತಲೇ ಬಂದಿದ್ದಾನೆ. ಹೊಸಪೇಟೆಯಲ್ಲಿ ಮುಖವೆತ್ತಿದರೆ ಕಣ್ಣಿಗೆ ಅದಿರಿನ ಧೂಳು ಬೀಳುತ್ತದೆ. ಆದ್ದರಿಂದ ನಾವು ಈ ಪ್ರಶ್ನೆಯನ್ನು ಸ್ವಲ್ಪ ತಡವಾಗಿ, ಅದೂ ಅನುದಾನ ಮಂಜೂರಾದ ಮೇಲೆ, ಕೈಗೆತ್ತಿಕೊಂಡೆವು.

ನಾನು ಊರ ಹೊರಗಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಮಣ್ಣು ಕಲಿಸುತ್ತೇನೆ. ಕಟ್ಟಡ ಕಟ್ಟುವ ಮೊದಲು ಅದರ ಕೆಳಗಿನ ನೆಲ ಎಷ್ಟು ಭಾರ ತಡೆದೀತು ಎಂದು ನೋಡುವ ಶಾಸ್ತ್ರ ಅದು. ಮದುವೆ ಮನೆಯಲ್ಲಿ ಪಕ್ಕದ ಎಲೆಯವರು "ಏನ್ ಸಬ್ಜೆಕ್ಟ್ರೀ ನಿಮ್ದು?" ಎಂದರೆ "ಮಣ್ಣು" ಎನ್ನುತ್ತೇನೆ. ಅವರು ನನ್ನನ್ನು ಮರುಕದಿಂದ ನೋಡಿ, ನನ್ನ ಎಲೆಗೂ ಒಂದು ಹೋಳಿಗೆ ಹಾಕಿಸುತ್ತಾರೆ.

ನನ್ನ ಕೈಕೆಳಗೆ ಡಾಕ್ಟರೇಟ್ ಮಾಡುತ್ತಿದ್ದವಳು ಕಂಪ್ಲಿಯ ಅಕ್ಕಿ ಗಿರಣಿಯವರ ಮಗಳು. ನಮ್ಮ ಕಾಲೇಜಿನ ಮೆಕ್ಯಾನಿಕಲ್ ವಿಭಾಗದಲ್ಲಿಯೇ ತಾತ್ಕಾಲಿಕ ಉಪನ್ಯಾಸಕಿ. ಬೇರೆಯವರಿಗೆ ದೇವರಲ್ಲಿ ಇರುವಷ್ಟು ಶ್ರದ್ಧೆ ಅವಳಿಗೆ ಚಕ್ರದಲ್ಲಿ. ಮಂಗಳ ಗ್ರಹದ ಮೇಲೆ ಇಳಿಸುವ ಗಾಡಿಯ ಚಕ್ರ ಅಲ್ಲಿನ ಧೂಳಿನಲ್ಲಿ ಎಷ್ಟು ಹೂತುಕೊಳ್ಳುತ್ತದೆ, ಹೂತುಕೊಂಡರೆ ಮೇಲೆ ಬರುತ್ತದೆಯೇ ಎಂಬುದು ಅವಳ ವಿಷಯ. ಎತ್ತಿನ ಬಂಡಿ ಹೂತುಕೊಂಡರೆ ಹಿಂದಿನಿಂದ ಹೆಗಲು ಕೊಡಲು ನಾಲ್ಕು ಜನ ಸಿಗುತ್ತಾರೆ, ಅಲ್ಲಿ ಸಿಗುವುದಿಲ್ಲ ಎಂದು ಅವಳು ತನ್ನ ಪ್ರಬಂಧದ ಮಹತ್ವವನ್ನು ವಿವರಿಸುತ್ತಿದ್ದಳು. ಅದಕ್ಕಿಂತ ಚೆನ್ನಾಗಿ ನಾನು ಈವರೆಗೆ ಯಾವ ಪೀಠಿಕೆಯಲ್ಲೂ ಓದಿಲ್ಲ.

ಅವಳ ಪಾಲಿಗೆ ಈ ಡಾಕ್ಟರೇಟ್ ಅಲಂಕಾರದ ವಸ್ತುವಾಗಿರಲಿಲ್ಲ. ನೋಂದಣಿಯ ಅವಧಿ ಆ ವರ್ಷಕ್ಕೆ ಮುಗಿಯುತ್ತಿತ್ತು. ಪದವಿ ಬಂದರೆ ಕೆಲಸ ಕಾಯಂ. ಬಾರದಿದ್ದರೆ ಕಾಲೇಜು ಕೈಮುಗಿದು ಕಳಿಸಿಕೊಡುವುದಿತ್ತು. ಮುಂದಿನ ವ್ಯವಸ್ಥೆಯನ್ನು ಅವಳ ಅಪ್ಪ ಆಗಲೇ ಮಾಡಿಟ್ಟಿದ್ದರು. ಒಮ್ಮೆ ಕಂಪ್ಲಿಗೆ ಹೋದಾಗ ನನಗೆ ತೋರಿಸಿದರು ಕೂಡ.

"ಕಾಟಾ ಮುಂದ ಕುರ್ಚಿ ಹಾಕ್ಸೀನ್ರೀ ಸರ. ಮ್ಯಾಲ ಫ್ಯಾನೂ ಐತಿ. ಆಕಿ ಬಂದು ಕುಂತು ಭತ್ತದ ತೂಕ ನೋಡಿದ್ರ ಸಾಕು. ಮಂಗಳಕ್ಕ ಹೋಗೂ ಚಕ್ರಕ್ಕಿಂತ ನಮ್ಮ ಟ್ರ್ಯಾಕ್ಟರ್ ಚಕ್ರ ಏನ್ ಕಡಿಮೀ ಐತಿ?"

"ಅಪ್ಪಾಜಿ, ಆ ಕುರ್ಚಿ ಮ್ಯಾಲ ನಿಮ್ಮ ಟವಲ್ ಒಣಗ್ಸ್ರಿ," ಎಂದಳು ಮಗಳು. ಆದರೆ ವಾಪಸ್ ಬರುವಾಗ ನೋಂದಣಿಗೆ ಉಳಿದ ತಿಂಗಳುಗಳನ್ನು ದಾರಿಯುದ್ದಕ್ಕೂ ಬೆರಳಿನಲ್ಲಿ ಎಣಿಸುತ್ತಿದ್ದಳು.

ಅನುದಾನ ಕೊಡುವವರಿಗೆ ಬರೀ ಚಕ್ರ ಸಾಲಲಿಲ್ಲ. ಈಗಿನ ಕಾಲದಲ್ಲಿ ಒಂದೇ ಶಾಸ್ತ್ರ ಓದಿದವನು ಒಂಟಿ ಚಪ್ಪಲಿಯಂತೆ, ಯಾರೂ ಎತ್ತಿಕೊಳ್ಳುವುದಿಲ್ಲ. ಹಲವು ಶಾಸ್ತ್ರಗಳು ಒಂದಾಗಬೇಕು ಎಂದು ಅಪ್ಪಣೆಯಾಯಿತು. ಪ್ರಾಂಶುಪಾಲರು ಸಿಕ್ಕವರನ್ನೆಲ್ಲ ಒಂದಾಗಿಸಿದರು. ಊರಿನ ಎದೆರೋಗದ ಡಾಕ್ಟರು ಸೇರಿದರು: ಮಂಗಳನ ಮೇಲೆ ಇಳಿದವನ ಶ್ವಾಸಕೋಶಕ್ಕೆ ಅಲ್ಲಿನ ಧೂಳು ಏನು ಮಾಡೀತು ಎಂಬುದು ಅವರ ಪಾಲು. "ಅಲ್ಲಿಗೆ ಹೋಗಾರು ಹೋಗ್ಲಿ ಬಿಡ್ರಿ, ಸಂಡೂರಿನ ಗಣಿಗೆ ಹೋಗಿ ಬಂದಾರ ಎದೀನ ನಾ ದಿನಾ ಕೇಳ್ತೀನಿ," ಎನ್ನುತ್ತಲೇ ಒಪ್ಪಿಕೊಂಡರು. ಎಂಬಿಎ ವಿಭಾಗದ ಮೇಡಂ ಸೇರಿದರು: ಮುಚ್ಚಿದ ಕೋಣೆಯಲ್ಲಿ, ಅದೇ ನಾಲ್ಕು ಮುಖಗಳ ನಡುವೆ, ವರ್ಷಗಟ್ಟಲೆ ಕೆಂಪು ಧೂಳು ನೋಡುತ್ತ ಕೆಲಸ ಮಾಡುವ ಉದ್ಯೋಗಿಯ ಮನಸ್ಸು ಏನಾಗುತ್ತದೆ ಎಂಬುದು ಅವರ ಅಧ್ಯಯನ. ಗಗನಯಾತ್ರಿಗಳು ಸಿಗದ ಕಾರಣ ನಮ್ಮನ್ನೇ ನೋಡತೊಡಗಿದರು. ಯೋಜನೆಯ ಹೆಸರು 'ಮಂಗಳ ಗ್ರಹದ ಧೂಳು: ಚಕ್ರ, ಶ್ವಾಸಕೋಶ ಮತ್ತು ಉದ್ಯೋಗಿ' ಎಂದಾಯಿತು. ಬಾಗಿಲಿಗೆ ಬೋರ್ಡು ಹಾಕಿದಾಗ, ಇಲ್ಲಿ ಕೆಮ್ಮಿಗೂ ಪಂಕ್ಚರಿಗೂ ಒಟ್ಟಿಗೆ ಚಿಕಿತ್ಸೆ ಇದೆಯೇ ಎಂದು ಹೊರಗಿನವರೊಬ್ಬರು ವಿಚಾರಿಸಿಕೊಂಡು ಹೋದರು.

ಮಂಗಳನ ಮಣ್ಣು ಕೆಂಪಗಿರುವುದು ಅದರಲ್ಲಿನ ಕಬ್ಬಿಣಕ್ಕೆ ತುಕ್ಕು ಹಿಡಿದದ್ದರಿಂದ. ಸಂಡೂರಿನ ಗುಡ್ಡಗಳದ್ದೂ ಅದೇ ಕಥೆ. ಆದ್ದರಿಂದ ಅಲ್ಲಿಗೆ ಹೋಗುವ ಖರ್ಚನ್ನು ಉಳಿಸಿ ಸಂಡೂರಿಗೆ ಹೋದೆವು. ಹಳೆಯ ಗಣಿ ರಸ್ತೆಯ ಪಕ್ಕದ ಒಂದು ಇಳಿಜಾರಿನಲ್ಲಿ, ಬೇಕಾದವರ ಅನುಮತಿ ಪಡೆದು, ಒಂದು ದೊಡ್ಡ ಡ್ರಮ್ಮಿನ ತುಂಬ ಧೂಳು ತುಂಬಿಕೊಂಡೆವು. ಟೆಂಪೋದವನು ಚಕ್ರಕ್ಕೆ ಒರಗಿ ಬೀಡಿ ಸೇದುತ್ತ ನಮ್ಮನ್ನು ನೋಡುತ್ತಿದ್ದ.

"ಇಷ್ಟು ಓದಿ ಮಣ್ಣು ಹೊರಾಕ ಬಂದೀರೇನ್ರೀ?" ಎಂದ.

"ಓದಿದ್ದಕ್ಕೇ ಬಂದಿದ್ದು," ಎಂದೆ. ಅವನು ತನ್ನ ಮಗನನ್ನು ಶಾಲೆಗೆ ಹಾಕಬೇಕೆಂದಿದ್ದನಂತೆ. ಆ ಹೊತ್ತಿಗೆ ಮತ್ತೊಮ್ಮೆ ಯೋಚಿಸಿದಂತೆ ಕಂಡಿತು.

ಧೂಳನ್ನು ಸಮನಾಗಿ ಸಾಣಿಸಬೇಕಿತ್ತು. ಸಾಣಿಸುವುದರಲ್ಲಿ ಕಂಪ್ಲಿಯವರನ್ನು ಮೀರಿಸಿದವರಿಲ್ಲ. ಗಿರಣಿಗೆ ಬಿಡುವಿದ್ದ ದಿನ ಅಪ್ಪನ ಜರಡಿಯಲ್ಲಿಯೇ ಕೆಲಸ ಮುಗಿಸಿದೆವು. ಮರುದಿನ ಬಂದ ಮೊದಲ ಚೀಲದ ಅಕ್ಕಿಗೆ ನಸುಗೆಂಪು ಹತ್ತಿತ್ತು. "ಕೆಂಪಕ್ಕಿ ಅಂದ್ರ ಷುಗರಿನೋರು ಮುಗಿಬಿದ್ದು ಒಯ್ತಾರ," ಎಂದು ಅಪ್ಪ ಮಗಳ ಮುಖ ನೋಡಿದರು. ಆ ಮುಖದಲ್ಲಿ ಏನು ಕಂಡಿತೋ, ಚೀಲವನ್ನು ಸುಮ್ಮನೆ ಮೂಲೆಗೆ ತಳ್ಳಿ ಜರಡಿ ತೊಳೆಸಿದರು.

ಇನ್ನು ಡ್ರಮ್ಮಿಗೊಂದು ಹೆಸರು ಬೇಕು. ಇಂಥ ಮಣ್ಣಿಗೆ ಇಂಗ್ಲಿಷಿನಲ್ಲಿ ಸಿಮ್ಯುಲೆಂಟ್ ಎನ್ನುತ್ತಾರೆ. ನಾನು ಹಳೇ ಕಾಲದವನು. ಕನ್ನಡದಲ್ಲಿ ಹೇಳಲಾಗದ್ದು ನಮಗಿನ್ನೂ ಅರ್ಥವಾಗಿಲ್ಲ ಎಂದು ನಂಬಿದವನು. 'ಅಣಕು ಮಣ್ಣು' ಎಂದರೆ ಮಣ್ಣಿಗೆ ಅವಮಾನ. 'ಹುಸಿ ಮಣ್ಣು' ಎಂದರೆ ಲೆಕ್ಕ ತಪಾಸಣೆಯವರು ಹಿಡಿದುಕೊಳ್ಳುತ್ತಾರೆ. ಕೊನೆಗೆ 'ಪ್ರತಿನಿಧಿ ಮಣ್ಣು' ಎಂಬ ಪದ ಹೊಳೆಯಿತು. ಮಂಗಳನ ಪರವಾಗಿ ಇಲ್ಲಿ ಹಾಜರಿರುವ ಮಣ್ಣು.

"ಸ್ಯಾಂಪಲ್ ಅಂತ ಬರದ್ರ ಸಾಕಲ್ರೀ ಸರ," ಎಂದಳು ಹುಡುಗಿ.

ಸಾಕಾಗಲಿಲ್ಲ. ಬಿಳಿ ಬಣ್ಣದಲ್ಲಿ, ಗುಂಡಗಿನ ಅಕ್ಷರಗಳಲ್ಲಿ, ಡ್ರಮ್ಮಿನ ಹೊಟ್ಟೆಯ ಮೇಲೆ ನಾನೇ ಬರೆದೆ: 'ಮಂಗಳನ ಪ್ರತಿನಿಧಿ ಮಣ್ಣು. ಮುಟ್ಟಬೇಡಿ.'

ನಮ್ಮ ಕಡೆ 'ಮುಟ್ಟಬೇಡಿ' ಎಂದು ಬರೆದಿರುವುದು ಎರಡೇ ಜಾಗದಲ್ಲಿ: ಒಂದು ಕರೆಂಟಿನ ಟ್ರಾನ್ಸ್‌ಫಾರ್ಮರ್, ಇನ್ನೊಂದು ಗರ್ಭಗುಡಿಯ ಹೊಸ್ತಿಲು. ಡ್ರಮ್ಮಿಗೆ ವೈರು ಇರಲಿಲ್ಲ. ಉಳಿದದ್ದನ್ನು ಜನ ತಾವೇ ಊಹಿಸಿಕೊಂಡರು. ಒಂದು ವಾರದೊಳಗೆ ಪ್ರಯೋಗಾಲಯದ ಬಾಗಿಲ ಹೊರಗೆ ಚಪ್ಪಲಿಗಳ ಸಾಲು ಕಾಣಿಸಿತು. ಒಳಗೆ ಧೂಳು ತರಬಾರದೆಂಬ ವೈಜ್ಞಾನಿಕ ಶಿಸ್ತು ಕೊನೆಗೂ ನಮ್ಮ ಸಿಬ್ಬಂದಿಗೆ ಬಂತು ಎಂದು ನಾನು ಸ್ಟಾಫ್ ಮೀಟಿಂಗಿನಲ್ಲಿ ಅಭಿನಂದನೆ ಸಲ್ಲಿಸಿದೆ. ಎಲ್ಲರೂ ತಲೆ ತಗ್ಗಿಸಿ ಸ್ವೀಕರಿಸಿದರು.

ನಿಜ ಸಂಗತಿ ತಿಳಿದದ್ದು ಆಫೀಸ್ ಸೂಪರಿಂಟೆಂಡೆಂಟರು ಬಂದಾಗ. ಹೊಸಪೇಟೆಯ ಹಳೇ ಮನೆತನದವರು, ಹಣೆಯ ತುಂಬ ವಿಭೂತಿ, ಕಾಲೇಜಿನ ಯಾವ ಕಡತ ಯಾವ ಬೀರುವಿನಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುವವರು. ಅವರ ಮಗಳ ಜಾತಕದಲ್ಲಿ ಕುಜದೋಷ. ಕುಜನೆಂದರೆ ಮಂಗಳನೇ. ಬಂದ ಸಂಬಂಧಗಳೆಲ್ಲ ಉಪ್ಪಿಟ್ಟು ತಿಂದು, ಜಾತಕ ನೋಡಿ, ಎದ್ದು ಹೋಗಿದ್ದವು.

ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬಂದು ಡ್ರಮ್ಮಿಗೆ ಒಮ್ಮೆ, ನನಗೆ ಒಮ್ಮೆ ಕೈಮುಗಿದರು. "ಸರ, ಒಂದ್ ಚಿಟಿಕಿ ಬೇಕಾಗಿತ್ತು."

"ಏನು?"

"ಮಂಗಳನ ಮಣ್ಣು. ಮಗಳ ಕೈಲೆ ಪೂಜಾ ಮಾಡಸ್ತೀನ್ರೀ. ದೋಷ ಯಾರ ಕಡಿಂದ ಐತೋ ಅವ್ರನ್ನ ಹಿಡೀಬೇಕಲ್ರೀ."

ನಾನು ಕನ್ನಡಕ ತೆಗೆದೆ. ಗಂಭೀರವಾದದ್ದನ್ನು ಹೇಳುವಾಗ ಕನ್ನಡಕ ತೆಗೆಯುವುದು ನನ್ನ ಪದ್ಧತಿ. ಇದು ಸಂಡೂರಿನ ಮಣ್ಣು, ಟೆಂಪೋದಲ್ಲಿ ಬಂದದ್ದು, ಕಂಪ್ಲಿಯಲ್ಲಿ ಸಾಣಿಸಿದ್ದು, ಆಕಾಶಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಒಂದು ತರಗತಿಯಷ್ಟು ಹೊತ್ತು ವಿವರಿಸಿದೆ. ಅವರು ಒಂದೊಂದು ಮಾತಿಗೂ ತಲೆಯಾಡಿಸಿದರು.

"ಗೊತ್ತೈತ್ರೀ ಸರ. ಟೆಂಪೋ ಬಿಲ್ ಪಾಸ್ ಮಾಡ್ದಾಂವ ನಾನಽ ಅಲ್ರೀ. ಆದ್ರ ನೀವು ಪ್ರತಿನಿಧಿ ಅಂತ ಬರದೀರಿ."

"ಹೌದು, ಪ್ರತಿನಿಧಿ ಅಷ್ಟೇ. ಅಸಲಿ ಅಲ್ಲ."

"ಅಲ್ರೀ, ನಮ್ಮ ಶಾಸಕರೂ ಪ್ರತಿನಿಧಿನಽ. ನಾವೇನು ಪ್ರತಿಯೊಂದಕ್ಕೂ ಬೆಂಗಳೂರಿಗೆ ಹೋಗ್ತೀವೇನು? ಇಲ್ಲೇ ಅವ್ರ ಮನಿ ಬಾಗಿಲಿಗೆ ಅರ್ಜಿ ಕೊಟ್ರ ಅಲ್ಲಿಗೆ ಮುಟ್ಟಿದಂಗ. ಮಂಗಳಂದೂ ಹಂಗಽ ಅಲ್ಲೇನ್ರೀ?"

ಇದಕ್ಕೆ ಉತ್ತರ ನನ್ನ ಶಾಸ್ತ್ರದಲ್ಲಿ ಇರಲಿಲ್ಲ. ರಾಜ್ಯಶಾಸ್ತ್ರದಲ್ಲಿಯೂ ಇದ್ದಂತೆ ಕಾಣೆ. ನಾನು ಸುಮ್ಮನಿದ್ದದ್ದನ್ನು ಅವರು ಮಂಜೂರಾತಿ ಎಂದು ತಿಳಿದು, ಶಲ್ಯದ ಚುಂಗಿಗೆ ಒಂದು ಚಿಟಿಕೆ ಕಟ್ಟಿಕೊಂಡು ಹೋದರು.

ಮುಂದಿನ ತಿಂಗಳು ಅವರ ಮಗಳ ಮದುವೆ ನಿಶ್ಚಯವಾಯಿತು. ಹುಡುಗ ಸಂಡೂರಿನವನು. ಪ್ರತಿನಿಧಿ ತನ್ನ ಕ್ಷೇತ್ರದ ಕೆಲಸವನ್ನು ಮಾತ್ರ ಮಾಡಿಕೊಟ್ಟಿದೆ ಎಂದು ನಾನು ತಮಾಷೆ ಮಾಡಿದೆ. ಯಾರೂ ನಗಲಿಲ್ಲ. ಡ್ರಮ್ಮಿನ ಕಡೆ ನೋಡಿದರು.

ಅಲ್ಲಿಂದ ಮುಂದೆ ನಡೆದದ್ದು ನಮ್ಮ ಕಣ್ಣಿಗೆ ಬೀಳಲಿಲ್ಲ. ಹುಡುಗಿ ಆಗ ಪ್ರಯೋಗ ಮುಗಿಸಿ ಪ್ರಬಂಧ ಬರೆಯುತ್ತಿದ್ದಳು, ನಾನು ಅದನ್ನು ತಿದ್ದುತ್ತಿದ್ದೆ. ಎಂಬಿಎ ಮೇಡಂ ಮಾತ್ರ ಒಂದು ವಿಚಿತ್ರವನ್ನು ಗುರುತಿಸಿದ್ದರು. ಕಾಲೇಜಿನಲ್ಲಿ ಮಂಗಳವಾರ ಯಾರೂ ರಜೆ ಹಾಕುತ್ತಿರಲಿಲ್ಲ. ಬೇರೆ ದಿನ ಹನ್ನೊಂದಕ್ಕೆ ಬರುವವರು ಮಂಗಳವಾರ ಸ್ನಾನ ಮಾಡಿ, ಹೂ ಮುಡಿದು, ಬೆಲ್ಲಿಗೆ ಮೊದಲೇ ಹಾಜರು. "ಕೆಲಸಕ್ಕೆ ಒಂದು ಅರ್ಥ ಸಿಕ್ಕಿದೆ ಸರ್ ಇವರಿಗೆ," ಎಂದು ಮೇಡಂ ಭಾವುಕರಾದರು. ಆ ವಿಷಯದ ಮೇಲೆ ಧಾರವಾಡದ ಸಮ್ಮೇಳನವೊಂದರಲ್ಲಿ ಮಾತಾಡಿಯೂ ಬಂದರು. ಚಪ್ಪಾಳೆ ಬಿತ್ತಂತೆ.

ಎರಡನೆಯ ಸೂಚನೆ ಡಾಕ್ಟರ ಫೋನು. "ಸರ, ನನಗ ಬೇಕಾಗಿದ್ದು ಶ್ವಾಸಕೋಶ. ಆದ್ರ ನೀವು ಹೊಟ್ಟಿ ಕಳಸಾಕತ್ತೀರಿ."

"ಏನು ಹಾಗೆಂದರೆ?"

"ಕಡ್ಡಿರಾಂಪುರದ ಖಾನಾವಳಿಯಾಂವ ಬಂದಾನ. ಮಂಗಳನ ಮಣ್ಣು ಜೇನುತುಪ್ಪದಾಗ ಕಲಸಿ ನೆಕ್ಕ್ಯಾನ. ಯಾಕಲೇ ಅಂದ್ರ, ಮನಿಯಾಕಿ ತವರಿಂದ ಬರವಲ್ಲಳು ಅಂತಾನ."

"ಏನಾದರೂ ತೊಂದರೆಯೇ?"

"ಮಲಬದ್ಧತೆ. ಆಕಿ ಬಂದಾಳ ಬಿಡ್ರಿ, ಹೊರಗ ಕುಂತಾಳ. ಮೊದಲಿಗಿಂತ ಜಾಸ್ತಿ ಸಿಟ್ಟಿನ್ಯಾಗ ಅದಾಳ."

ಫೋನಿಟ್ಟು ಡ್ರಮ್ಮಿನ ಮುಚ್ಚಳ ತೆಗೆದೆವು. ತಳದಲ್ಲಿ ಒಂದು ಮೊರದಷ್ಟು ಕೆಂಪು ಉಳಿದಿತ್ತು. ಅದರ ನಡುವೆ ಯಾರೋ ಒಂದು ಊದಿನಕಡ್ಡಿ ಸಿಕ್ಕಿಸಿದ್ದರು.

ಹುಡುಗಿ ಬಗ್ಗಿ ಆ ಕಡ್ಡಿಯನ್ನು ಕಿತ್ತು ತೆಗೆದಳು. ಮೌಖಿಕ ಪರೀಕ್ಷೆ ಹತ್ತಿರವಿತ್ತು. ಪ್ರಬಂಧ ಓದಿದ್ದ ಪರೀಕ್ಷಕರು ಮೈಸೂರಿನ ಕಡೆಯವರು, ಗ್ರಹಗಳ ಮಣ್ಣಿನಲ್ಲಿಯೇ ಕೂದಲು ಹಣ್ಣಾದವರು. ತಾವು ಬಂದಾಗ ಅದೇ ಚಕ್ರ ಅದೇ ಮಣ್ಣಿನಲ್ಲಿ ಓಡುವುದನ್ನು ಕಣ್ಣಾರೆ ನೋಡಬೇಕೆಂದು ಮೊದಲೇ ತಿಳಿಸಿದ್ದರು. ಪ್ರಯೋಗದ ಗಾಜಿನ ತೊಟ್ಟಿ ತುಂಬ ಮಣ್ಣಿಲ್ಲದಿದ್ದರೆ ಚಕ್ರ ಓಡದು. ಓಡದಿದ್ದರೆ ಪದವಿ ಇಲ್ಲ.

ಬೇರೆ ಮಣ್ಣು ತಂದರಾಯಿತಲ್ಲ ಎಂದು ಸಂಡೂರಿಗೆ ಓಡಿದೆವು. ಆ ಇಳಿಜಾರನ್ನು ಮಟ್ಟ ಮಾಡಿ, ಗೊಬ್ಬರ ಹಾಕಿ, ಸಸಿ ನೆಟ್ಟಿದ್ದರು. ಪರಿಸರ ಪ್ರೇಮ ನಮಗೆ ಅಷ್ಟು ಅಕಾಲದಲ್ಲಿ ಎಂದೂ ಎದುರಾಗಿರಲಿಲ್ಲ. ಪಕ್ಕದ ಗುಡ್ಡದ ಮಣ್ಣು ತಂದು ಓಡಿಸಿ ನೋಡಿದರೆ ಚಕ್ರ ಕೆರೆಗಿಳಿದ ಎಮ್ಮೆಯಂತೆ ಆರಾಮವಾಗಿ ಕೂತುಬಿಟ್ಟಿತು. ಕಣ್ಣಿಗೆ ಎಲ್ಲವೂ ಕೆಂಪೇ. ಚಕ್ರಕ್ಕೆ ಹಾಗಲ್ಲ.

"ಸರ, ನಾ ಕಾಟಾ ಮುಂದ ಕುಂದ್ರತೀನಿ ಬಿಡ್ರಿ," ಎಂದಳು. "ಅಪ್ಪಾಜಿಗೆ ಟವಲ್ ತಗೀಯಾಕ ಹೇಳ್ತೀನಿ."

ಆ ಮಾತಿಗೆ ಬಾಗಿಲಲ್ಲಿ ನಿಂತಿದ್ದ ಸೂಪರಿಂಟೆಂಡೆಂಟರ ಮುಖ ವಿಭೂತಿಗಿಂತ ಬೆಳ್ಳಗಾಯಿತು. ಅವರಿಗೆ ಮಗಳ ಮದುವೆ ಈ ಡ್ರಮ್ಮಿನಿಂದಲೇ ಆದದ್ದೆಂದು ಖಾತ್ರಿ. ಒಬ್ಬ ಹುಡುಗಿಯ ಬಾಳು ಹಸನಾಗಿ ಇನ್ನೊಬ್ಬಳದ್ದು ಹಾಳಾಗುವುದೆಂದರೆ ಅವರ ಪಾಲಿಗೆ ಲೆಕ್ಕ ತಪ್ಪಿದಂತೆ.

"ಮೇಡಂರೀ, ಒಯ್ದಾರೆಲ್ಲ ಗೊತ್ತಿದ್ದಾರಽ. ವಾಪಸ್ ತರಸ್ತೀನಿ," ಎಂದರು ಹುಡುಗಿಗೆ.

"ಕೇಳಿದ್ರ ಕೊಡ್ತಾರೇನ್ರೀ ದೇವ್ರಂತ ಇಟ್ಕಂಡಿದ್ದನ್ನ?"

"ಕೇಳೂದಿಲ್ಲ. ಕರೀತೀನಿ. ಗಣಪ್ಪನ್ನ ಕುಂದ್ರಿಸಿದ ಮ್ಯಾಲ ಕಳಸಬೇಕೋ ಬ್ಯಾಡೋ? ಕಳಸದಽ ಮನ್ಯಾಗ ಇಟ್ಕಂಡ್ರ ಒಳ್ಳೇದಾಗತೈತೇನು?"

ಅವರು ಯೋಚಿಸಿದ್ದು ವಿಸರ್ಜನೆ. ತಂದದ್ದನ್ನು ಕಳಿಸಲೇಬೇಕು ಎಂಬುದರಲ್ಲಿ ನಮ್ಮ ಜನಕ್ಕೆ ಎರಡು ಅಭಿಪ್ರಾಯವಿಲ್ಲ. ಮಂಗಳನ ಕೆಲಸ ಮುಗಿದಿದೆ, ಬರುವ ಮಂಗಳವಾರ ಎಲ್ಲರೂ ಪ್ರತಿನಿಧಿಯನ್ನು ತಂದು ಮೂಲಸ್ಥಾನದಲ್ಲಿ ವಿಸರ್ಜಿಸತಕ್ಕದ್ದು ಎಂದು ಅವರು ಬಾಯಿಂದ ಬಾಯಿಗೆ ಸುದ್ದಿ ಬಿಟ್ಟರು. ಮೂಲಸ್ಥಾನವೆಂದರೆ ಡ್ರಮ್ಮು.

ಆ ಮಂಗಳವಾರವನ್ನು ನಾನು ಮರೆಯಲಾರೆ. ಬೆಳಿಗ್ಗೆಯೇ ಮೆಕ್ಯಾನಿಕಲ್ ವಿಭಾಗದ ಮೆಟ್ಟಿಲ ಮೇಲೆ ಸಾಲು. ಒಬ್ಬರು ತಾಯಿತದಿಂದ ಬಿಚ್ಚಿ ತಂದಿದ್ದರು, ಇನ್ನೊಬ್ಬರು ದೇವರ ಜಗುಲಿಯ ಮೇಲಿನ ಬೆಳ್ಳಿ ಬಟ್ಟಲಿನಲ್ಲಿ. ಹೊಸ್ತಿಲಿಗೆ ಕೆಮ್ಮಣ್ಣಿನ ಬದಲು ಬಳಿದವರು ಕೆರೆದುಕೊಂಡು ಬಂದಿದ್ದರು. ಖಾನಾವಳಿಯವನು ಹೆಂಡತಿಯೊಡನೆ ಬರಿಗೈಯಲ್ಲಿ ಬಂದು, ತನ್ನದನ್ನು ವಾಪಸು ಮಾಡುವ ಸ್ಥಿತಿಯಲ್ಲಿ ತಾನಿಲ್ಲವೆಂದು ಕ್ಷಮೆ ಕೇಳಿದ. ನಾವು ಒತ್ತಾಯಿಸಲಿಲ್ಲ.

ಲೆಕ್ಕ ತಪ್ಪಿದ್ದು ಇನ್ನೊಂದು ಕಡೆ. ನಮ್ಮ ಭಾಗದಲ್ಲಿ ಪಕ್ಕದ ಮನೆಯ ಬಟ್ಟಲನ್ನು ಯಾರೂ ಖಾಲಿ ವಾಪಸ್ ಕೊಡುವುದಿಲ್ಲ. ಸಾರು ಬಂದ ಬಟ್ಟಲಿನಲ್ಲಿ ಒಂದಿಷ್ಟು ಸಕ್ಕರೆಯನ್ನಾದರೂ ಹಾಕಿ ಕಳಿಸುತ್ತಾರೆ. ಅದೇ ಮರ್ಯಾದೆಯನ್ನು ಮಂಗಳನಿಗೂ ತೋರಿಸಿದರು. ಒಂದು ಚಿಟಿಕೆ ಒಯ್ದವರು ಒಂದು ಹಿಡಿ ತಂದರು. ಅರಿಶಿನ ಬಂತು, ಕುಂಕುಮ ಬಂತು, ವಿಭೂತಿ ಬಂತು, ಉಡಿ ತುಂಬಲು ಅಕ್ಕಿ ಬಂತು, ಅಡಿಕೆ ಬಂತು, ಉತ್ತುತ್ತಿ ಬಂತು. ಮರಿಯಮ್ಮನಹಳ್ಳಿಯ ಲಾರಿ ಡ್ರೈವರ್ ಒಬ್ಬ ಬೆನ್ನ ಮೇಲೆ ಇಡೀ ಒಂದು ಚೀಲ ಹೊತ್ತುಕೊಂಡು ಮೆಟ್ಟಿಲು ಹತ್ತಿದ.

"ಏನಪ್ಪ ಇದು?" ಎಂದೆ.

"ಒಂದ್ ಹಿಡಿ ಒಯ್ದಿದ್ದೆ ಸರ. ಗಾಡಿಗೆ ಕಟ್ಟಿದಾಗಿಂದ ಒಂದ್ ಟೈರೂ ಒಡದಿಲ್ಲ. ಬರೇ ಒಂದ್ ಹಿಡಿ ಹೆಂಗ ತಿರುಗಿ ಕೊಡ್ಲಿ? ನಮ್ಮ ಹೊಲದ ಎರೆ ಮಣ್ಣು. ಭಾಳ ಚಲೋ ಐತ್ರೀ, ಒಂದ್ ಮಳಿಗೆ ಹತ್ತಿ ಬರ್ತೈತಿ."

ಎರೆ ಮಣ್ಣು ನನ್ನ ಶಾಸ್ತ್ರದ ಖಳನಾಯಕ. ನೀರು ಕಂಡರೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ, ನಾನು ಕಟ್ಟಬೇಡಿ ಎಂದ ಗೋಡೆಗಳೆಲ್ಲ ಅದರ ಮೇಲೆಯೇ ಇವೆ. ಅವನ ಮನಸ್ಸು ನೋಯಬಾರದೆಂದು ಒಂದೇ ಹಿಡಿ ಹಾಕಿಸಿ, ಉಳಿದದ್ದನ್ನು ಪ್ರಾಂಶುಪಾಲರ ಗುಲಾಬಿ ಗಿಡಗಳಿಗೆ ಅರ್ಪಿಸಿದೆವು. ಮಧ್ಯಾಹ್ನದ ಹೊತ್ತಿಗೆ ಡ್ರಮ್ಮು ತುಂಬಿ ಚೆಲ್ಲುತ್ತಿತ್ತು. ಸಂಶೋಧನೆಯ ಇತಿಹಾಸದಲ್ಲಿ ಕಳುವಾದ ಸಾಮಗ್ರಿ ಬಡ್ಡಿಯ ಸಮೇತ ವಾಪಸ್ ಬಂದ ಉದಾಹರಣೆ ಇದ್ದರೆ ನನಗೆ ತಿಳಿಯದು.

ಕಂಪ್ಲಿಯ ಜರಡಿ ಮತ್ತೊಮ್ಮೆ ಓಡಿತು. ಅಕ್ಕಿ, ಅಡಿಕೆ, ಉತ್ತುತ್ತಿ ಬೇರೆಯಾದವು. ಒಂದು ಕಾಲುಂಗುರವೂ ಸಿಕ್ಕಿತು, ಅದರ ಒಡತಿ ಇನ್ನೂ ಬಂದಿಲ್ಲ. ಆದರೆ ಅರಿಶಿನ, ಕುಂಕುಮ, ವಿಭೂತಿ, ಎರೆ ಮಣ್ಣು, ಇವು ಧೂಳಿಗಿಂತ ಸಣ್ಣ ಪುಡಿ, ಯಾವ ಜರಡಿಗೂ ಸಿಗುವಂಥವಲ್ಲ. ಗಿರಣಿಯಲ್ಲಿ ಡ್ರಮ್ಮಿನ ಸುತ್ತ ಅಪ್ಪ, ಮಗಳು, ಸೂಪರಿಂಟೆಂಡೆಂಟರು, ನಾನು ನಿಂತಿದ್ದೆವು.

"ಪರೀಕ್ಷಕರಿಗೆ ಹೇಳಬ್ಯಾಡ್ರಿ ಮೇಡಂ," ಎಂದರು ಸೂಪರಿಂಟೆಂಡೆಂಟರು. "ಕೆಂಪಂದ್ರ ಕೆಂಪು. ಯಾರಿಗೆ ತಿಳೀತೈತಿ?"

"ಅರಿಷಿಣದ ವಾಸನಿ ಬರಾಕತ್ತೈತಿ. ಅವ್ರಿಗೆ ಮೂಗಿಲ್ಲೇನ್ರೀ?"

"ನಗಡಿ ಇದ್ರೂ ಇರಬಹುದು..."

ಅವಳು ಅವರನ್ನೊಮ್ಮೆ ನೋಡಿದಳು. ಆಮೇಲೆ ಡ್ರಮ್ಮಿನಿಂದ ಒಂದು ಹಿಡಿ ತೆಗೆದು ಮುಷ್ಟಿ ಬಿಗಿದು ಬಿಟ್ಟಳು. ಮೊದಲಿನ ಮಣ್ಣಾದರೆ ಬೆರಳ ಸಂದಿಯಿಂದ ಸುರಿದುಹೋಗುತ್ತಿತ್ತು. ಇದು ಉಂಡೆಯಾಗಿ ಅಂಗೈಯಲ್ಲಿ ಕೂತಿತು. ಅದನ್ನು ನೋಡುತ್ತ ನೋಡುತ್ತ ಅವಳ ಮುಖದಿಂದ ಕಾಟಾದ ಕುರ್ಚಿ ಸರಿದುಹೋದದ್ದು ನನಗೆ ಕಾಣಿಸಿತು.

"ಸರ, ನನ್ನ ನಾಕನೇ ಅಧ್ಯಾಯ ಏನೈತ್ರೀ?"

ನಾಲ್ಕನೇ ಅಧ್ಯಾಯ, ಧೂಳಿನಲ್ಲಿ ಅಂಟಿಕೊಳ್ಳುವ ಸಣ್ಣ ಪುಡಿ ಸೇರಿದರೆ ಚಕ್ರ ಎಷ್ಟು ಕಡಿಮೆ ಹೂತುಕೊಳ್ಳುತ್ತದೆ ಎಂಬ ಸೂತ್ರ. ತೀರ ಒಣ ಅಧ್ಯಾಯವೆಂದು ನಾನೇ ಅದನ್ನು ಅರ್ಧಕ್ಕೆ ಇಳಿಸೆಂದಿದ್ದೆ. ಅವಳು ಕೇಳಿರಲಿಲ್ಲ. ಈಗ ಅಪ್ಪನ ಕುರ್ಚಿಯ ಮೇಲಿನ ಟವಲನ್ನು ಸರಿಸಿ, ಅಲ್ಲಿಯೇ ಫ್ಯಾನಿನ ಕೆಳಗೆ ಕೂತು ಲೆಕ್ಕ ಮಾಡತೊಡಗಿದಳು. ಮಗಳು ಕೊನೆಗೂ ಕುರ್ಚಿಯಲ್ಲಿ ಕೂತಳೆಂದು ಅಪ್ಪ ಸಂತೋಷದಿಂದ ಚಹಾ ತರಿಸಿದರು.

ಪರೀಕ್ಷಕರು ಹಿಂದಿನ ದಿನವೇ ಬಂದರು. ನಮ್ಮ ಕಾಲೇಜಿನಲ್ಲಿ ಹಂಪಿ ತೋರಿಸದೆ ಯಾವ ಪರೀಕ್ಷಕರನ್ನೂ ಪರೀಕ್ಷೆಗೆ ಕೂರಿಸುವ ರೂಢಿಯಿಲ್ಲ. ದರ್ಶನ ಮುಗಿಸಿ ಹಂಪಿ ಬಜಾರಿನ ಕಲ್ಲು ಮಂಟಪಗಳ ನೆರಳಿನಲ್ಲಿ ನಡೆಯುತ್ತಿದ್ದೆವು. ಒಬ್ಬ ಗೈಡ್ ಬೆನ್ನು ಹತ್ತಿದ. ಪರೀಕ್ಷಕರು ತಮಗೆ ಇತಿಹಾಸಕ್ಕಿಂತ ಗ್ರಹಗಳಲ್ಲಿ ಆಸಕ್ತಿ ಎಂದು ಸಭ್ಯವಾಗಿ ತಪ್ಪಿಸಿಕೊಳ್ಳಲು ನೋಡಿದರು.

"ಗ್ರಹ ಏನ್ರೀ ಸರ? ಮೊದಲಽ ಹೇಳಬಾರದಾ? ಇಲ್ಲೇ ಹೊಸಪೇಟಿ ಕಾಲೇಜಿನ್ಯಾಗ ಮಂಗಳನ ಮಣ್ಣು ಐತಿ. ನಾನಽ ಒಯ್ದಿದ್ದೆ, ಮಂಗಳವಾರ ವಿಸರ್ಜನಿ ಮಾಡಿ ಬಂದೆ. ಭಾಳ ಪವರ್ರೀ ಅದು! ಅಲ್ಲೊಬ್ರು ಮಣ್ಣಿನ ಮಾಸ್ತರ್ ಅದಾರ, ಕೇಳಿದ್ರ ಇಲ್ಲನ್ನೂದಿಲ್ಲ."

ಮಣ್ಣಿನ ಮಾಸ್ತರು ವಿರೂಪಾಕ್ಷನ ಗೋಪುರದ ಕೆತ್ತನೆಗಳನ್ನು ಅತ್ಯಂತ ಏಕಾಗ್ರತೆಯಿಂದ ನೋಡುತ್ತಿದ್ದರು. ರಾತ್ರಿ ಊಟದಲ್ಲಿ ಪರೀಕ್ಷಕರು ಮೈಸೂರಿನ ಹವೆಯ ಬಗ್ಗೆ ಮಾತಾಡಿದರು. ಅವರು ಮೊಸರನ್ನ ಕಲಸುತ್ತಿದ್ದ ರೀತಿಯಲ್ಲಿ ಮಾತ್ರ ಏನೋ ಇತ್ತು.

ಮರುದಿನ ಅವರು ಪ್ರಯೋಗಾಲಯದ ಬಾಗಿಲಿಗೆ ಬಂದು, ಚಪ್ಪಲಿಗಳ ಸಾಲನ್ನು ನೋಡಿ, ಒಂದು ಕ್ಷಣ ಯೋಚಿಸಿ, ಬೂಟು ಬಿಚ್ಚಿ, ಕಾಲುಚೀಲದಲ್ಲಿ ಒಳಗೆ ಬಂದರು. ಗಾಜಿನ ತೊಟ್ಟಿಯಲ್ಲಿ ಮಣ್ಣು ತುಂಬಿತ್ತು. ಬಗ್ಗಿ ಮೂಸಿದರು.

"ಹುಳಿಗೆ ಒಗ್ಗರಣೆ ಹಾಕೋ ಮುಂಚೆ ಬರೋ ವಾಸನೆ ಬರ್ತಿದೆಯಲ್ಲ?"

ಬಾಗಿಲ ಹಿಂದೆ ಸೂಪರಿಂಟೆಂಡೆಂಟರು ಕಣ್ಣು ಮುಚ್ಚಿಕೊಂಡರು.

"ಅರಿಶಿನ ಸರ್," ಎಂದಳು ಹುಡುಗಿ. ಆಮೇಲೆ ಡ್ರಮ್ಮಿನ ಹೆಸರಿನಿಂದ ವಿಸರ್ಜನೆಯವರೆಗೆ ಒಂದನ್ನೂ ಬಿಡದೆ ಹೇಳಿದಳು. ಖಾನಾವಳಿಯವನನ್ನೂ ಬಿಡಲಿಲ್ಲ. ಡಾಕ್ಟರು ಅಲ್ಲಲ್ಲಿ ತಲೆಯಾಡಿಸಿ ವೈದ್ಯಕೀಯ ದೃಢೀಕರಣ ಕೊಟ್ಟರು. ಮೇಡಂಗೆ ತಮ್ಮ ಮಂಗಳವಾರದ ಅರ್ಥ ಈಗ ಹೊಳೆಯಿತೆಂದು ಕಾಣುತ್ತದೆ, ಕುರ್ಚಿ ಹುಡುಕಿಕೊಂಡು ಕೂತರು.

ಪರೀಕ್ಷಕರು ಮೂಗಿನ ತುದಿ ಉಜ್ಜಿಕೊಂಡರು. "ಅಂದ್ರೆ ನೀವು ಬರೆದ ಮಣ್ಣು ಇದಲ್ಲ. ನೀವು ಅಳೆದದ್ದೂ ಇದರಲ್ಲಲ್ಲ. ನಾನು ಹೇಗಮ್ಮ ಒಪ್ಪಲಿ?"

"ಒಪ್ಪಬ್ಯಾಡ್ರಿ ಸರ್." ನಮ್ಮ ಕಡೆಯ ಮಾತು ಅವಳ ಬಾಯಿಗೆ ತಾನಾಗಿಯೇ ಬಂದಿತ್ತು. "ಇದ್ರಾಗ ಏನೇನು ಕೂಡೈತಿ, ಎಷ್ಟೆಷ್ಟು ಕೂಡೈತಿ ನೋಡೀನಿ. ಚಕ್ರ ಎಲ್ಲಿತನ ಹೂತ್ಕೊಂತೈತಿ ಅಂತ ನನ್ನ ಸೂತ್ರದ ಪ್ರಕಾರ ಈಗಽ ಗಾಜಿನ ಮ್ಯಾಲ ಗೀಟು ಹಾಕ್ತೀನಿ. ಆಮ್ಯಾಲ ಓಡಸ್ತೀನಿ. ಗೀಟು ತಪ್ಪಿದ್ರ ನೀವು ಮೈಸೂರು ಗಾಡಿ ಹತ್ರಿ, ನಾ ಕಂಪ್ಲಿ ಬಸ್ ಹತ್ತತೀನಿ."

ಗಾಜಿನ ಮೇಲೆ ಗೀಟು ಎಳೆದಳು. ಅದು ಪ್ರಬಂಧದಲ್ಲಿದ್ದ ಆಳಕ್ಕಿಂತ ಎಷ್ಟೋ ಮೇಲಿತ್ತು. ನನಗೆ ಹೆದರಿಕೆಯಾಯಿತು. ಅಷ್ಟು ಮೇಲೆ ಎಳೆಯಬೇಡವೆಂದು ಸನ್ನೆ ಮಾಡಿದೆ. ನಾಲ್ಕನೇ ಅಧ್ಯಾಯದ ವಿಷಯದಲ್ಲಿ ಕೇಳದವಳು ಈಗ ಕೇಳುತ್ತಾಳೆಯೇ?

ಚಕ್ರ ಹೊರಟಿತು. ಕೋಣೆಯಲ್ಲಿ ಮೋಟಾರಿನ ಗುಂಯ್‌ಗುಡುವ ಸದ್ದು ಮತ್ತು ಬಾಗಿಲ ಹಿಂದಿನಿಂದ ಸಣ್ಣಗೆ ಕೇಳುತ್ತಿದ್ದ ಪಂಚಾಕ್ಷರಿ, ಎರಡೇ. ತೊಟ್ಟಿಯ ನಡುವಿಗೆ ಬಂದಾಗ ಚಕ್ರ ಒಮ್ಮೆ ವಾಲಿತು, ಅಂಟಿ ಉಂಡೆಗಟ್ಟಿದ ಮಣ್ಣು ಅಡ್ಡ ಸಿಕ್ಕಿರಬೇಕು. ಹಿಡಿದುಕೊಂಡಿತು, ಮತ್ತೆ ಉರುಳಿತು. ಕೊನೆ ಮುಟ್ಟಿ ನಿಂತಿತು. ಪರೀಕ್ಷಕರು ಕಾಲುಚೀಲದಲ್ಲಿಯೇ ಮೊಣಕಾಲೂರಿ ಕೂತು ಕೆಂಪು ಜಾಡನ್ನು ಈ ತುದಿಯಿಂದ ಆ ತುದಿಗೆ ನೋಡಿದರು. ಜಾಡಿನ ತಳ ಗೀಟಿನ ಮೇಲೆಯೇ ಕೂತಿತ್ತು.

ಅವರು ಎದ್ದು ಮೊಣಕಾಲು ಕೊಡವಿಕೊಂಡರು. ಒಂದು ಪರಿಶುದ್ಧ ಗ್ರಹವನ್ನು ಮನುಷ್ಯರ ಕೈಗೆ ಕೊಟ್ಟರೆ ಏನಾಗುತ್ತದೆ ಎಂಬ ಬಗ್ಗೆ ತಾವು ಅನೇಕ ವಿಚಾರ ಸಂಕಿರಣಗಳಲ್ಲಿ ಕೂತಿದ್ದರೂ ಕಣ್ಣಾರೆ ನೋಡಿದ್ದು ಇದೇ ಮೊದಲು ಎಂದರು. ಹೊಗಳಿಕೆಯೋ ಬೈಗುಳವೋ ತಿಳಿಯದೆ ನಾವು ಅರ್ಧ ನಕ್ಕೆವು.

"ಒಂದೇ ತಿದ್ದುಪಡಿ," ಎಂದರು ನನ್ನ ಕಡೆ ತಿರುಗಿ. "ಆ ಪ್ರತಿನಿಧಿ ಅನ್ನೋ ಪದ ತೆಗೆದುಬಿಡಿ. ಅದು ಯಾರನ್ನ ಪ್ರತಿನಿಧಿಸ್ತಿದೆ ಅಂತ ನನಗೀಗ ಗೊತ್ತಾಗ್ತಿಲ್ಲ."

ಹುಡುಗಿಗೆ ಡಾಕ್ಟರೇಟ್ ಸಿಕ್ಕಿತು, ಕೆಲಸ ಕಾಯಂ ಆಯಿತು. ಕಂಪ್ಲಿಯ ಕುರ್ಚಿಯ ಮೇಲೆ ಟವಲು ಒಣಗುತ್ತಿದೆ. ಡ್ರಮ್ಮಿನ ಮೇಲೆ ಈಗ 'ಸಂಡೂರಿನ ಮಣ್ಣು' ಎಂದು ಬರೆದಿದೆ. ಅದರಲ್ಲಿ ಒಂದು ಚಿಟಿಕೆಯನ್ನೂ ಈತನಕ ಯಾರೂ ಕೇಳಿಲ್ಲ.